ಕಾಡುಪ್ರಾಣಿಗಳ ಚಿತ್ರ ಬರೆಯಬೇಕಾ? ಕುಂಚ ಆಮೇಲೆ ತೆಗೆದುಕೊಳ್ಳಿ

ನಾನು ಬರೆದ ಚಿತ್ರ ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. ಯಾವ ಬಣ್ಣ? ಯಾವ ಕಾಗದ? ಆನೆಯನ್ನು ಎಲ್ಲಿ ಕೂತು ನೋಡುತ್ತೀರಿ? ಇದರಲ್ಲಿ ಹೊಟ್ಟೆ ತುಂಬುತ್ತದಾ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದುಬಿಡುವುದು ವಾಸಿ ಅನ್ನಿಸಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಬಣ್ಣದ ಪ್ರಶ್ನೆಯಿಂದ ಶುರು ಮಾಡುತ್ತಾರೆ, ಇಲ್ಲಿ ಬಣ್ಣ ಬರುವುದು ಆರನೇ ಹಂತದಲ್ಲಿ. ಕುಂಚ ಕೈಗೆ ಬರುವ ಹೊತ್ತಿಗೆ ಚಿತ್ರದ ಮುಕ್ಕಾಲು ಪಾಲು ಕೆಲಸ ಮುಗಿದಿರಬೇಕು. ಇಲ್ಲದಿದ್ದರೆ ಎಷ್ಟೇ ದುಬಾರಿ ಬಣ್ಣ ತಂದರೂ ಕಾಟಿ, ಅಂದರೆ ಕಾಡುಕೋಣ, ಹೋಗಿ ಎಮ್ಮೆಯಾಗುತ್ತದೆ.

ಇದು ಪೆನ್ಸಿಲ್ ಹಿಡಿದು ಅಷ್ಟೋ ಇಷ್ಟೋ ಬರೆಯಲು ಬರುವವರಿಗೆ, ಅದರಲ್ಲೂ ಚಿಕ್ಕಮಗಳೂರು, ಹಾಸನ ಕಡೆ ಇರುವವರಿಗೆ. ಬೇರೆ ಊರಿನವರಿಗೂ ಉಪಯೋಗ ಆದೀತು, ಆದರೆ ಜಾಗ, ಮಳೆ, ಆನೆ ಎಲ್ಲ ನಮ್ಮ ಕಡೆಯ ಲೆಕ್ಕ.

ಮೊದಲಿಗೆ ಬೇಕಾಗುವುದು

ಜೇಬಿಗೆ ಹಿಡಿಸುವ ಒಂದು ಸ್ಕೆಚ್ ಪುಸ್ತಕ. ಎರಡು 4ಬಿ ಪೆನ್ಸಿಲ್, ಅಥವಾ ಸುಮ್ನೆ ಒಂದು ಬಾಲ್ ಪೆನ್. ಬಾಲ್ ಪೆನ್ನಿನ ಲಾಭ ಏನೆಂದರೆ ಅಳಿಸಲು ಆಗುವುದಿಲ್ಲ, ಹಾಗಾಗಿ ಅಳಿಸುತ್ತಾ ಕೂರುವ ಚಟ ಬಿಟ್ಟುಹೋಗುತ್ತದೆ. ಆಮೇಲೆ ಒಂದು ಬೈನಾಕ್ಯುಲರ್. 8×42 ಅಂತ ಬರೆದಿರುವುದು ಸಾಕು. 8 ಎಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, 42 ಎಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಆ ಅಗಲ ಜಾಸ್ತಿ ಇದ್ದಷ್ಟೂ ಮರದಡಿಯ ಮಬ್ಬಿನಲ್ಲಿ ಚೆನ್ನಾಗಿ ಕಾಣುತ್ತದೆ. ಹತ್ತು, ಹನ್ನೆರಡು ಪಟ್ಟಿನದು ಕೊಳ್ಳಬೇಡಿ, ಕೈ ನಡುಗಿದರೆ ಹಕ್ಕಿಯೂ ನಡುಗುತ್ತದೆ.

ಮಣ್ಣಿನ ಬಣ್ಣದ ಅಂಗಿ. ಮಳೆಗಾಲದಲ್ಲಿ ಇಂಬಳ ಹತ್ತದ ಹಾಗೆ ಉದ್ದ ಕಾಲುಚೀಲ. ಇಷ್ಟೇ. ಬಣ್ಣದ ಪೆಟ್ಟಿಗೆ ಈಗಲೇ ಬೇಡ.

ಹಂತ 1: ಹುಲಿಯಿಂದ ಶುರು ಮಾಡಬೇಡಿ

ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು, ಹುಲಿ ಅಲ್ಲಿ ಇದೆ, ನಿಜ. ಆದರೆ ನಿಮಗೆ ಕಂಡರೆ ಅರ್ಧ ನಿಮಿಷ ಕಾಣುತ್ತದೆ, ಅದೂ ಬೆನ್ನು ತೋರಿಸಿಕೊಂಡು. ಅರ್ಧ ನಿಮಿಷ ನೋಡಿದ ಪ್ರಾಣಿಯನ್ನು ಬರೆಯಲು ಕೂತರೆ ಕೊನೆಗೆ ಯಾರದೋ ಫೋಟೋ ನಕಲು ಮಾಡುತ್ತೀರಿ. ದಿನಾ ಕಾಣುವುದನ್ನು ಆರಿಸಿ.

ಹಾಸನದ ಬಯಲುಸೀಮೆ ಕಡೆಯವರಿಗೆ ಕೆರೆಗಳೇ ಶಾಲೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಯಾವ ಕೆರೆ ಏರಿಯ ಮೇಲೆ ಕೂತರೂ ಬೆಳ್ಳಕ್ಕಿ, ನೀರುಕಾಗೆ ಇದ್ದೇ ಇರುತ್ತವೆ. ನೀರುಕಾಗೆಯಂಥ ಮಾಡೆಲ್ ಇನ್ನೊಂದಿಲ್ಲ. ಮುಳುಗಿ ಎದ್ದು ಒಣಮರದ ಮೇಲೆ ರೆಕ್ಕೆ ಹರಡಿಕೊಂಡು ಒಣಗಿಸುತ್ತಾ ನಿಲ್ಲುತ್ತದೆ, ಸಂಬಳ ಕೊಟ್ಟರೂ ಇಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ. ಕಡೂರು ಕಡೆಯವರಿಗೆ ಅಯ್ಯನಕೆರೆ ಇದೆ. ಬಾಸೂರು ಅಮೃತಮಹಲ್ ಕಾವಲಿನ ಬಯಲಲ್ಲಿ ಕೃಷ್ಣಮೃಗ ಇದೆ. ಬಯಲಾದ್ದರಿಂದ ದೂರದಿಂದಲೇ ಇಡೀ ಪ್ರಾಣಿ ಕಾಣುತ್ತದೆ, ಕಾಡಿನ ಹಾಗೆ ಎಲೆಯ ಸಂದಿಯಲ್ಲಿ ಒಂದು ಕಿವಿ, ಒಂದು ಬಾಲ ಅಲ್ಲ.

ಮಲೆನಾಡಿನವರಿಗೆ ಕಾಫಿ ತೋಟವೇ ಸಾಕು. ಕೆಮ್ಮೀಸೆ ಪಿಕಳಾರ, ಮಡಿವಾಳ, ಮುಸುವ, ಕೆಂದಳಿಲು. ತೋಟದ ನೆರಳಿನ ಮರಗಳಲ್ಲಿ ಅತ್ತಿಯೋ ಬಸರಿಯೋ ಹಣ್ಣಾಗಿದ್ದರೆ ಬೇರೆಲ್ಲೂ ಹೋಗಬೇಡಿ, ಅದರ ಬುಡದಿಂದ ಸ್ವಲ್ಪ ದೂರದಲ್ಲಿ ಕೂತುಬಿಡಿ. ಬೆಳಗ್ಗೆಯಿಂದ ಒಂದರ ಹಿಂದೆ ಒಂದು ಗಿರಾಕಿ ಬರುತ್ತಲೇ ಇರುತ್ತವೆ.

ಒಂದು ಪ್ರಾಣಿಯನ್ನು ಕನಿಷ್ಠ ಒಂದು ಋತು ಬಿಡಬೇಡಿ. ಪಿಕಳಾರದ ಕೆನ್ನೆಯ ಕೆಂಪು ಮರಿಗಳಿಗೆ ಇರುವುದಿಲ್ಲ. ಗೋವಕ್ಕಿಗೆ ಮರಿ ಮಾಡುವ ಕಾಲದಲ್ಲಿ ತಲೆ, ಕತ್ತು, ಬೆನ್ನು ಕಿತ್ತಳೆ ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ಇವೆಲ್ಲ ಒಂದು ದಿನದಲ್ಲಿ ಗೊತ್ತಾಗುವುದಲ್ಲ.

ಹಂತ 2: ಅನುಮತಿ ಮತ್ತು ಜೀವ

ಇದನ್ನು ಹಾರಿಸಿ ಮುಂದೆ ಓದಬೇಡಿ, ದಯವಿಟ್ಟು.

ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡುವುದು ಅಪರಾಧ. ಚಿತ್ರಕಾರ ಅಂದರೆ ಯಾರೂ ಬಿಡುವುದಿಲ್ಲ, ಬಿಡಲೂಬಾರದು. ಭದ್ರಾದಲ್ಲಿ ಮುತ್ತೋಡಿ ಮತ್ತು ಲಕ್ಕವಳ್ಳಿ ಕಡೆಯಿಂದ ಸಫಾರಿ ಇದೆ. ಲಕ್ಕವಳ್ಳಿಯಲ್ಲಿ ದೋಣಿಯೂ ಇದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ತಲೆ ಎತ್ತುವ ನಡುಗಡ್ಡೆಗಳಲ್ಲಿ ನದಿ ರೀವ ಹಕ್ಕಿಗಳು ಮೊಟ್ಟೆ ಇಡುತ್ತವೆ. ದೋಣಿಯವನಿಗೆ ಇನ್ನೂ ಹತ್ತಿರ ಹೋಗು ಅಂತ ಗಂಟುಬೀಳಬೇಡಿ. ಹಕ್ಕಿ ಎದ್ದರೆ ಮೊಟ್ಟೆ ಬಿಸಿಲಲ್ಲಿ ಬೇಯುತ್ತದೆ.

ತೋಟಕ್ಕೆ ಮಾಲೀಕರನ್ನು ಕೇಳಿಯೇ ಹೋಗಿ. ಕೇಳಿದ ಮೇಲೂ ತೋಟದ ಲೆಕ್ಕ ನೋಡುವ ರೈಟರನ್ನೋ ಕೆಲಸದವರನ್ನೋ ಇನ್ನೊಮ್ಮೆ ಕೇಳಿ: "ಇವತ್ತು ಆನೆ ಯಾವ ಕಡೆ?" ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಇದು ತಮಾಷೆಯ ಪ್ರಶ್ನೆ ಅಲ್ಲ ಅಂತ ಅಲ್ಲಿನವರಿಗೆ ನಾನು ಹೇಳಬೇಕಾಗಿಲ್ಲ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಕಳಿಸುವ ಮೆಸೇಜು, ಊರಿನ ವಾಟ್ಸಾಪ್ ಗುಂಪು ಎರಡನ್ನೂ ನೋಡಿಕೊಂಡು ಹೊರಡಿ. ಮುಂಜಾವು ಮತ್ತು ಮುಸ್ಸಂಜೆ ಆನೆ ಓಡಾಡುವ ಹೊತ್ತು. ಹಲಸು ಹಣ್ಣಾಗುವ ಕಾಲದಲ್ಲಿ ಇನ್ನೂ ಜಾಸ್ತಿ. ಸೀಳಿ ಬಿದ್ದ ಬೈನೆ ಮರ, ಇನ್ನೂ ಹಬೆಯಾಡುವ ಲದ್ದಿ ಕಂಡರೆ ಪುಸ್ತಕ ಮಡಚಿ ಬಂದ ದಾರಿಯಲ್ಲೇ ವಾಪಸ್ ಬನ್ನಿ. ಸ್ಕೆಚ್ ಮಾಡುವವರಿಗೆ ಒಂದು ವಿಶೇಷ ಅಪಾಯ ಇದೆ, ತಲೆ ಬಗ್ಗಿಸಿ ಬರೆಯುತ್ತಿದ್ದರೆ ಸುತ್ತ ಏನಾಗುತ್ತಿದೆ ಅಂತ ತಿಳಿಯುವುದಿಲ್ಲ. ಒಬ್ಬರೇ ಹೋಗಬೇಡಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹೋಗುವವರಿಗೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ.

ಇನ್ನೊಂದು ವಿಷಯ. ಬಿದ್ದ ಕೊಂಬು, ಮೂಳೆ, ಉಗುರು ಇವನ್ನು ನೋಡಿ ಬರೆಯಲು ಬೇಕು ಅಂತ ಮನೆಗೆ ತರಬೇಡಿ. ಜಿಂಕೆ ತಾನಾಗಿ ಉದುರಿಸಿದ ಕೊಂಬೇ ಆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇಟ್ಟುಕೊಳ್ಳುವಂತಿಲ್ಲ. ಬಿದ್ದಲ್ಲೇ ಬಿಟ್ಟು, ಅಲ್ಲೇ ಕೂತು ಬರೆದುಕೊಂಡು ಬನ್ನಿ. ಹಕ್ಕಿ ಹತ್ತಿರ ಬರಲಿ ಅಂತ ಮೊಬೈಲಿನಲ್ಲಿ ಅದರದೇ ಕೂಗು ಹಾಕುವುದು, ಗೂಡಿನ ಎದುರಿನ ಕೊಂಬೆ ಸವರುವುದು ಕೂಡ ಬೇಡ.

ಹಂತ 3: ಓಡುವ ಪ್ರಾಣಿಯನ್ನು ಹಿಡಿಯುವುದು

"ಅದು ಸುಮ್ಮನೆ ನಿಲ್ಲುವುದೇ ಇಲ್ಲ, ಹೇಗೆ ಬರೆಯಲಿ?" ಅತಿ ಹೆಚ್ಚು ಬರುವ ಪ್ರಶ್ನೆ ಇದೇ.

ನಿಲ್ಲುವುದಿಲ್ಲ, ಆದರೆ ಮತ್ತೆ ಅದೇ ಭಂಗಿಗೆ ಬರುತ್ತದೆ. ಒಂದು ಹಾಳೆಯಲ್ಲಿ ಒಂದೇ ಚಿತ್ರ ಅಂತ ಹಟ ಹಿಡಿಯಬೇಡಿ. ಬೆಳ್ಳಕ್ಕಿ ಕತ್ತು ಚಾಚಿದಾಗ ಒಂದು ಶುರು ಮಾಡಿ. ಅದು ಕತ್ತು ಮಡಿಸಿತಾ? ಪಕ್ಕದಲ್ಲಿ ಎರಡನೆಯದು ಶುರು ಮಾಡಿ. ಮೀನಿಗೆ ಬಗ್ಗಿತಾ? ಮೂರನೆಯದು. ಮತ್ತೆ ಕತ್ತು ಚಾಚಿದಾಗ ಮೊದಲನೆಯದಕ್ಕೆ ವಾಪಸ್ ಹೋಗಿ ಎರಡು ಗೆರೆ ಸೇರಿಸಿ. ಹೀಗೆ ಹಾಳೆಯ ತುಂಬ ಅರ್ಧಂಬರ್ಧ ಹಕ್ಕಿಗಳು ಇರಬೇಕು. ಆ ಹಾಳೆ ಯಾರಿಗೂ ತೋರಿಸುವಂತೆ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ.

ಇದಕ್ಕೆ ಜೆಸ್ಚರ್ ಡ್ರಾಯಿಂಗ್ ಅನ್ನುತ್ತಾರೆ. ಅರ್ಧ ನಿಮಿಷದೊಳಗೆ ಪ್ರಾಣಿಯ ಭಂಗಿ, ಭಾರ ಎರಡನ್ನೇ ಹಿಡಿಯುವ ಗೀಟು. ಮೊದಲ ಗೆರೆ ಬೆನ್ನುಹುರಿಯದು, ಮೂಗಿನಿಂದ ಬಾಲದ ತುದಿಯ ತನಕ ಒಂದೇ ಎಳೆತ. ಆಮೇಲೆ ಎದೆಗೂಡು, ಸೊಂಟ, ತಲೆ ಮೂರು ಮೊಟ್ಟೆಯಾಕಾರ. ಆಮೇಲೆ ಭಾರ ಯಾವ ಕಾಲಿನ ಮೇಲಿದೆ ಅಂತ ನೋಡಿ ಆ ಕಾಲು ಮಾತ್ರ. ಕಣ್ಣು, ಕೂದಲು, ಪಟ್ಟೆ ಯಾವುದೂ ಈಗ ಬೇಡ. ಹೊಸಬರು ಕಣ್ಣಿನಿಂದ ಶುರು ಮಾಡಿ ಎಷ್ಟು ಚೆನ್ನಾಗಿ ಬರೆಯುತ್ತಾರೆ ಎಂದರೆ ಉಳಿದ ಪ್ರಾಣಿಗೆ ಹಾಳೆಯಲ್ಲಿ ಜಾಗವೇ ಇರುವುದಿಲ್ಲ.

ಕಾಟಿಯನ್ನೇ ತೆಗೆದುಕೊಳ್ಳಿ. ಸಂಜೆ ಹುಲ್ಲಿನ ಅಂಚಿಗೆ ಬಂದಾಗ ಗಂಡು ಕಾಟಿಯನ್ನು ಪಕ್ಕದಿಂದ ನೋಡಿದರೆ ಭುಜದಿಂದ ಎದ್ದ ದಿಣ್ಣೆ ಬೆನ್ನಿನ ನಡುವಿನ ತನಕ ಹೋಗಿ ಅಲ್ಲಿ ಥಟ್ಟನೆ ಇಳಿಯುತ್ತದೆ. ಆ ಇಳಿತವೇ ಕಾಟಿ. ಅದು ತಪ್ಪಿದರೆ ಕೊಂಬು ಎಷ್ಟೇ ಸರಿಯಾಗಿ ಬರೆದರೂ ಕೊಟ್ಟಿಗೆಯ ದನ ಕಾಣುತ್ತದೆ. ಎರಡು ಕೊಂಬಿನ ನಡುವೆ ಹಣೆ ಉಬ್ಬಿ ಬೂದಿ ಬಣ್ಣ ಇರುತ್ತದೆ. ಮೊಣಕಾಲಿನ ಕೆಳಗೆ ಬಿಳಿ, ಆದರೆ ಹುಲ್ಲು ಎತ್ತರ ಇದ್ದರೆ ಆ ಬಿಳಿ ಕಾಣುವುದಿಲ್ಲ. ಕಾಣದಿದ್ದರೆ ಬರೆಯಬೇಡಿ. ಗೊತ್ತಿರುವುದನ್ನೆಲ್ಲ ತುರುಕಬೇಕಾಗಿಲ್ಲ.

ಪ್ರತಿ ಸ್ಕೆಚ್ಚಿನ ಪಕ್ಕದಲ್ಲಿ ಮೂರು ವಿಷಯ ಬರೆದುಕೊಳ್ಳಿ: ಹೊತ್ತು, ಬೆಳಕು ಯಾವ ಕಡೆಯಿಂದ, ಬಣ್ಣ ಮಾತಿನಲ್ಲಿ. "ಹೊಟ್ಟೆಯಡಿ ಹುಲ್ಲಿನ ಹಸಿರು ಮೆತ್ತಿದೆ", "ಕಿವಿಯ ಅಂಚು ಬೆಳಕಿಗೆ ಕೆಂಪು" ಹೀಗೆ. ಕ್ಯಾಮೆರಾ ಇವನ್ನು ಹಿಡಿಯುವುದಿಲ್ಲ, ತಿಂಗಳ ನಂತರ ನಿಮ್ಮ ನೆನಪೂ ಹಿಡಿದಿಟ್ಟಿರುವುದಿಲ್ಲ.

ಸಫಾರಿ ಜೀಪಿನಲ್ಲಿ ಬರೆಯಲು ಆಗುವುದಿಲ್ಲ, ಕುಲುಕುತ್ತದೆ. ಅಲ್ಲಿ ನೋಡುವುದಷ್ಟೇ ಕೆಲಸ. ಪ್ರಾಣಿ ಮರೆಯಾದ ಕೂಡಲೇ ಕಣ್ಣು ಮುಚ್ಚಿ ಒಮ್ಮೆ ನೆನೆಸಿಕೊಳ್ಳಿ, ಜೀಪು ನಿಂತ ಕಡೆ ನೆನಪಿನಿಂದ ಬರೆಯಿರಿ. ಎಲ್ಲೆಲ್ಲಿ ಕೈ ನಿಲ್ಲುತ್ತದೋ ಅಲ್ಲಲ್ಲಿ ನೀವು ನೋಡಿಲ್ಲ ಅಂತ ಅರ್ಥ. ಮುಂದಿನ ಸಲ ಅದನ್ನೇ ನೋಡಿ.

ಆನೆ ಬರೆಯಬೇಕು ಅನ್ನುವವರು ಕಾಡಾನೆ ಹಿಂದೆ ಹೋಗಬೇಡಿ. ಶಿವಮೊಗ್ಗದ ಹತ್ತಿರ ಸಕ್ರೆಬೈಲಿನ ಬಿಡಾರದಲ್ಲಿ ಬೆಳಗ್ಗೆ ಆನೆಗಳನ್ನು ಸ್ನಾನಕ್ಕೆ ಇಳಿಸುತ್ತಾರೆ. ಮಲಗಿದ ಆನೆ, ಏಳುವ ಆನೆ, ಸೊಂಡಿಲಿನಲ್ಲಿ ನೀರು ಎರಚಿಕೊಳ್ಳುವ ಆನೆ ಎಲ್ಲ ಒಂದೇ ಕಡೆ. ಹಾಗೆಯೇ ಹಳೇಬೀಡಿಗೆ ಹೋಗಿ ಗುಡಿಯ ತೀರ ಕೆಳಗಿನ ಸಾಲು ನೋಡಿ. ಸುತ್ತಲೂ ಆನೆಗಳೇ. ಒಂದರ ಸೊಂಡಿಲು ಇನ್ನೊಂದರ ಹಾಗಿಲ್ಲ. ಬಳಪದ ಕಲ್ಲಿನಲ್ಲಿ ಕೆತ್ತಿದವರು ಆನೆಯ ಜೊತೆ ಬದುಕಿದವರು ಅಂತ ಕಾಲಿನ ಮಡಿಕೆ ನೋಡಿದರೇ ತಿಳಿಯುತ್ತದೆ. ಪೆನ್ಸಿಲ್ ತೆಗೆದುಕೊಂಡು ಹೋಗಿ. ಕಲ್ಲಾನೆ ಅಲುಗಾಡುವುದಿಲ್ಲ, ಅದೊಂದು ಅನುಕೂಲ.

ಹಂತ 4: ಫೋಟೋ, ಅಂದರೆ ರೆಫರೆನ್ಸ್

ರೆಫರೆನ್ಸ್ ಎಂದರೆ ಚಿತ್ರ ಬರೆಯುವಾಗ ಎದುರಿಗಿಟ್ಟುಕೊಳ್ಳುವ ಫೋಟೋ. ಬೇಡ ಅನ್ನುವುದಿಲ್ಲ, ನಾನೂ ಬಳಸುತ್ತೇನೆ. ಆದರೆ ನಿಮ್ಮದೇ ಇರಲಿ, ಮಸುಕಾಗಿದ್ದರೂ ಪರವಾಗಿಲ್ಲ. ಇಲ್ಲವಾದರೆ ತೆಗೆದವರನ್ನು ಕೇಳಿ, ಅನುಮತಿ ಬರೆಸಿಕೊಳ್ಳಿ. ಇನ್‌ಸ್ಟಾಗ್ರಾಮಿನಲ್ಲಿ ಸಿಕ್ಕಿದ್ದೆಲ್ಲ ಊರಿನ ಆಸ್ತಿ ಅಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆ, ಅಂದರೆ ಕಾಪಿರೈಟ್ ಕಾಯ್ದೆ 1957ರದು. ಅದರ ಪ್ರಕಾರ ಫೋಟೋದ ಹಕ್ಕು ತೆಗೆದವರು ಬದುಕಿರುವ ತನಕ, ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹೆಸರು ಹಾಕಿದ್ದೇನಲ್ಲ ಅಂದರೆ ಸಾಲದು, ಹೆಸರು ಹಾಕುವುದು ಬೇರೆ, ಒಪ್ಪಿಗೆ ಬೇರೆ. ಸ್ಪರ್ಧೆಗಳಲ್ಲಿ ಬಹುಮಾನ ಬಂದ ಮೇಲೆ ಮೂಲ ಫೋಟೋ ಪತ್ತೆಯಾದರೆ ಮಾನ ಹೋಗುವುದು ನಿಮ್ಮದೇ.

ಒಂದೇ ಫೋಟೋ ನೋಡಿ ಬರೆಯಬೇಡಿ. ಮೊಬೈಲಿನಲ್ಲಿ ಹತ್ತಿರದಿಂದ ತೆಗೆದರೆ ಮೂತಿ ದೊಡ್ಡದಾಗಿ ಕಿವಿ ಚಿಕ್ಕದಾಗುತ್ತದೆ. ಉದ್ದನೆಯ ಲೆನ್ಸಿನಲ್ಲಿ ದೂರದಿಂದ ತೆಗೆದರೆ ಇಡೀ ದೇಹ ಚಪ್ಪಟೆಯಾಗಿ ಕಾಣುತ್ತದೆ. ಆಕಾರಕ್ಕೆ ನಿಮ್ಮ ಸ್ಕೆಚ್ಚನ್ನು ನಂಬಿ, ಫೋಟೋವನ್ನು ಗರಿಯ ಜೋಡಣೆ, ಪಟ್ಟೆ ಇಂಥ ವಿವರಕ್ಕೆ ಇಟ್ಟುಕೊಳ್ಳಿ.

ಈಗ ಕಂಪ್ಯೂಟರೇ ತಯಾರಿಸಿದ ಚಿತ್ರಗಳು ಗೂಗಲ್ ತುಂಬ ಬಂದು ಕೂತಿವೆ. ಅವನ್ನು ರೆಫರೆನ್ಸ್ ಮಾಡಿಕೊಂಡರೆ ಮುಗಿಯಿತು. ಹುಲಿಯ ಪಟ್ಟೆ ಅರ್ಧದಲ್ಲಿ ಕರಗಿಹೋಗಿರುತ್ತದೆ, ಹಕ್ಕಿಯ ಕಾಲಿಗೆ ಬೆರಳು ಜಾಸ್ತಿ ಇರುತ್ತದೆ.

ಹಂತ 5: ಮೂಳೆ ಮತ್ತು ಗುರುತು ಸರಿ ಇದೆಯಾ?

ಬಣ್ಣಕ್ಕೆ ಮೊದಲು ಈ ತಪಾಸಣೆ ಮಾಡಿಕೊಳ್ಳಿ. ಪದೇ ಪದೇ ಕಾಣುವ ತಪ್ಪುಗಳು ಇವು.

ಹಕ್ಕಿಯ ಕಾಲಿನಲ್ಲಿ ಹಿಂದಕ್ಕೆ ಮಡಿದ ಹಾಗೆ ಕಾಣುವುದು ಮೊಣಕಾಲಲ್ಲ, ಹಿಮ್ಮಡಿಯ ಗಂಟು. ನಿಜವಾದ ಮೊಣಕಾಲು ಮೇಲೆ ಗರಿಯೊಳಗೆ ಅಡಗಿರುತ್ತದೆ. ನಾಯಿ, ಜಿಂಕೆ, ಹುಲಿಯ ಹಿಂಗಾಲೂ ಹಾಗೆಯೇ.

ಆನೆ ನಮ್ಮದೋ ಆಫ್ರಿಕಾದ್ದೋ? ನಮ್ಮ ಆನೆಗೆ ಹಣೆಯಲ್ಲಿ ಎರಡು ಉಬ್ಬು, ಬೆನ್ನು ಮೇಲಕ್ಕೆ ಬಾಗಿದ್ದು, ಕಿವಿ ಚಿಕ್ಕದು, ಸೊಂಡಿಲ ತುದಿಯಲ್ಲಿ ಒಂದೇ ಬೆರಳಿನಂಥ ತುದಿ. ಆಫ್ರಿಕಾದ ಆನೆಗೆ ಬೆನ್ನು ನಡುವಲ್ಲಿ ತಗ್ಗು, ಸೊಂಡಿಲ ತುದಿ ಎರಡು. ನಮ್ಮ ಹೆಣ್ಣಾನೆಗೆ ಉದ್ದ ದಂತ ಬರೆದರೆ ಮಾವುತರು ನಗುತ್ತಾರೆ. ದಂತವಿಲ್ಲದ ಗಂಡೂ ಇರುತ್ತದೆ, ಅದಕ್ಕೆ ಮಖ್ನಾ ಅನ್ನುತ್ತಾರೆ. ಮುಂಗಾಲಿಗೆ ಐದು ಉಗುರು, ಹಿಂಗಾಲಿಗೆ ಸಾಮಾನ್ಯವಾಗಿ ನಾಲ್ಕು. ಎತ್ತರ ತಿಳಿಯಲು ಹಳೆಯ ಲೆಕ್ಕ ಒಂದಿದೆ, ಮುಂಗಾಲಿನ ಹೆಜ್ಜೆಯ ಸುತ್ತಳತೆಯ ಎರಡರಷ್ಟು ಭುಜದ ಎತ್ತರ. ಆನೆ ಎಷ್ಟೇ ಜೋರಾಗಿ ಬಂದರೂ ಕುದುರೆಯ ಹಾಗೆ ನಾಲ್ಕೂ ಕಾಲು ನೆಲ ಬಿಟ್ಟು ನೆಗೆಯುವುದಿಲ್ಲ.

ಚಿರತೆಯ ಚುಕ್ಕೆ ಹೂವಿನೆಸಳಿನ ಹಾಗೆ ಸುತ್ತ ಕಪ್ಪು, ನಡುವೆ ಖಾಲಿ. ಆ ನಡುವೆ ಮತ್ತೆ ಸಣ್ಣ ಚುಕ್ಕೆ ಇಟ್ಟರೆ ಅದು ದಕ್ಷಿಣ ಅಮೆರಿಕದ ಜಾಗ್ವಾರ್. ಹುಲಿಯ ಪಾಪೆ ದುಂಡಗೆ, ಮನೆ ಬೆಕ್ಕಿನ ಹಾಗೆ ಸೀಳಲ್ಲ. ಕಿವಿಯ ಹಿಂದೆ ಕಪ್ಪಿನ ನಡುವೆ ಬಿಳಿ ಮಚ್ಚೆ. ನವಿಲು ಬಿಚ್ಚುವುದು ಬಾಲವನ್ನಲ್ಲ, ಬೆನ್ನಿನ ಮೇಲಿನ ಗರಿಗಳನ್ನು. ನಿಜವಾದ ಬಾಲ ಅದರ ಹಿಂದೆ ಕಂದು ಬಣ್ಣದಲ್ಲಿ ಗಿಡ್ಡವಾಗಿ ನಿಂತಿರುತ್ತದೆ. ಹಿಂದಿನಿಂದ ಬರೆಯುವವರು ಇದನ್ನೇ ಮರೆಯುತ್ತಾರೆ.

ಇವೆಲ್ಲ ಸರಿ ಇದ್ದರೆ ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕಗಳಲ್ಲಿ ಚಿತ್ರದ ಜೋಡಣೆಯನ್ನು ನಾಲ್ಕೈದು ಥರ ಬರೆದು ನೋಡಿ. ಪ್ರಾಣಿ ಎಲ್ಲಿ, ಖಾಲಿ ಎಲ್ಲಿ, ಕಡುಗಪ್ಪು ಎಲ್ಲಿ. ಅಷ್ಟು ಚಿಕ್ಕದರಲ್ಲಿ ಚೆನ್ನಾಗಿ ಕಾಣದ್ದು ದೊಡ್ಡದರಲ್ಲೂ ಕಾಣುವುದಿಲ್ಲ.

ಹಂತ 6: ಈಗ ಕಾಗದ, ಬಣ್ಣ, ಕುಂಚ

ನಾನು ಹೇಳುವುದು ಜಲವರ್ಣದ ಬಗ್ಗೆ.

ಕಾಗದ 300 ಜಿಎಸ್‌ಎಂ, ನೂರಕ್ಕೆ ನೂರು ಹತ್ತಿಯದು. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅಂತ. ಅದಕ್ಕಿಂತ ತೆಳ್ಳಗಿದ್ದರೆ ನೀರು ಬಿದ್ದ ಕೂಡಲೇ ಅಲೆ ಏಳುತ್ತದೆ. ಗರಿಯ ವಿವರ ಬೇಕಿದ್ದರೆ ಹಾಟ್ ಪ್ರೆಸ್, ಅಂದರೆ ನುಣುಪು ಕಾಗದ. ಕಾಡು, ಮಂಜು, ತೊಗಲು ಬರೆಯಲು ಕೋಲ್ಡ್ ಪ್ರೆಸ್, ಸ್ವಲ್ಪ ತರಿತರಿ. ದುಡ್ಡು ಕಮ್ಮಿ ಇದ್ದರೆ ಬಣ್ಣದಲ್ಲಿ ಉಳಿಸಿ, ಕಾಗದದಲ್ಲಿ ಉಳಿಸಬೇಡಿ.

ಬಣ್ಣ ಆರು ಸಾಕು: ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಒಂದು ನಿಂಬೆ ಹಳದಿ, ಕ್ವಿನಾಕ್ರಿಡೋನ್ ರೋಸ್, ಸ್ವಲ್ಪ ಬಿಳಿ ಗೌಶ್. ಗೌಶ್ ಎಂದರೆ ಕೆಳಗಿನದನ್ನು ಮುಚ್ಚುವ ದಪ್ಪ ಜಲವರ್ಣ, ಮೀಸೆಯ ಕೂದಲಿಗೆ, ಕಣ್ಣಿನ ಹೊಳಪಿಗೆ. ಟ್ಯೂಬಿನ ಮೇಲೆ ಹೆಸರಿಗಿಂತ ಪಿಗ್ಮೆಂಟ್, ಅಂದರೆ ಒಳಗಿನ ಬಣ್ಣದ ಪುಡಿಯ ಸಂಖ್ಯೆ ನೋಡಿ. ಹೆಸರು ಕಂಪನಿಗೊಂದು ಥರ, ಸಂಖ್ಯೆ ಎಲ್ಲ ಕಡೆ ಒಂದೇ. ಅಲ್ಟ್ರಾಮರೀನ್ ಎಂದರೆ ಪಿಬಿ 29. ಪಿಆರ್ 83 ಇರುವ ಅಲಿಜರಿನ್ ಕ್ರಿಮ್ಸನ್ ಬೆಳಕಿಗೆ ಮಾಸುತ್ತದೆ, ಮಾರುವ ಚಿತ್ರಕ್ಕೆ ಬಳಸಬೇಡಿ. ಅನುಮಾನ ಇದ್ದರೆ ಬಣ್ಣದ ಪಟ್ಟಿ ಎಳೆದು ಅರ್ಧಕ್ಕೆ ರಟ್ಟು ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ, ಕೆಲವು ತಿಂಗಳು ಬಿಟ್ಟು ರಟ್ಟು ತೆಗೆಯಿರಿ.

ಕಪ್ಪು ಟ್ಯೂಬು ಬೇಡ. ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನಾ ಸೇರಿಸಿದರೆ ಕಾಟಿಯ ಕಪ್ಪೂ ಬರುತ್ತದೆ, ಆನೆಯ ಬೂದಿಯೂ ಬರುತ್ತದೆ. ಹಾಗೆ ನೋಡಿದರೆ ನಮ್ಮ ಕಡೆಯ ಆನೆ ಬೂದಿ ಬಣ್ಣದಲ್ಲಿ ಕಾಣುವುದೇ ಅಪರೂಪ. ಮೈಮೇಲೆ ಮಣ್ಣು ಎರಚಿಕೊಂಡು ಆ ಜಾಗದ ಮಣ್ಣಿನ ಬಣ್ಣವೇ ಆಗಿರುತ್ತದೆ, ಸಿಯೆನಾ ಧಾರಾಳವಾಗಿ ಹಾಕಿ. ಹಸಿರೂ ಟ್ಯೂಬಿನಿಂದ ಬೇಡ. ಕಾಫಿ ಎಲೆಯನ್ನು ಗಮನಿಸಿ, ಅದು ಮಿರಿಮಿರಿ ಮಿಂಚುವ ಎಲೆ, ಬಿಸಿಲಲ್ಲಿ ಅದರ ಮೇಲೆ ಬೀಳುವುದು ಆಕಾಶದ ಬಿಳಿನೀಲಿ. ಹಸಿರು ಕಾಣುವುದು ಬೆಳಕು ಎಲೆಯ ಮೂಲಕ ಹಾದು ಬಂದಾಗ. ತೋಟದ ಹಿನ್ನೆಲೆಯನ್ನೆಲ್ಲ ಒಂದೇ ಹಸಿರಲ್ಲಿ ತುಂಬಿದರೆ ಪ್ಲಾಸ್ಟಿಕ್ ಹಾರದ ಹಾಗೆ ಕಾಣುತ್ತದೆ.

ಕುಂಚದ ವಿಷಯದಲ್ಲಿ ಒಂದು ಗಟ್ಟಿ ಎಚ್ಚರಿಕೆ. ಮುಂಗುಸಿ ಕೂದಲಿನ ಕುಂಚ ಯಾರಾದರೂ ತೋರಿಸಿದರೆ ಮುಟ್ಟಬೇಡಿ. ಮುಂಗುಸಿಯನ್ನು ಕೊಂದೇ ಆ ಕೂದಲು ತೆಗೆಯುತ್ತಾರೆ. ಮಾರುವುದೂ ಕೊಳ್ಳುವುದೂ ವನ್ಯಜೀವಿ ಕಾಯ್ದೆಯಡಿ ಅಪರಾಧ. ಕಂದು ಬುಡ, ನಡುವೆ ತಿಳಿ ಬಣ್ಣ, ಮತ್ತೆ ಕಡು ತುದಿ ಇರುವ ಒರಟು ಕೂದಲು ಕಂಡರೆ ಅನುಮಾನಪಡಿ. ಒಳ್ಳೆಯ ಸಿಂಥೆಟಿಕ್ ಕುಂಚ ಈಗ ಬೇಕಾದಷ್ಟು ಸಿಗುತ್ತದೆ. ದುಂಡು ಕುಂಚ 2, 6, 10 ನಂಬರು, ಒಂದು ಅಗಲದ್ದು.

ಕೆಲಸದ ಕ್ರಮ ಹೀಗೆ. ರೇಖಾಚಿತ್ರವನ್ನು ಬೇರೆ ಹಾಳೆಯಲ್ಲಿ ಮುಗಿಸಿ, ಒಳ್ಳೆಯ ಕಾಗದಕ್ಕೆ ಟ್ರೇಸ್ ಮಾಡಿ. ಒಳ್ಳೆಯ ಕಾಗದದ ಮೇಲೆ ರಬ್ಬರ್ ಉಜ್ಜಿದರೆ ಮೇಲ್ಮೈ ಎದ್ದು ಬಣ್ಣ ಕಲೆಯಾಗಿ ಕೂರುತ್ತದೆ. ಮೊದಲು ಹಿನ್ನೆಲೆ, ಕಾಗದ ಒದ್ದೆ ಇರುವಾಗಲೇ, ಅಂಚು ಕರಗಿಹೋಗುವ ಹಾಗೆ. ಒಣಗಿದ ಮೇಲೆ ಪ್ರಾಣಿಯ ಮೈಗೆ ತಿಳಿ ಬಣ್ಣದ ಒಂದು ಪದರ, ಇದಕ್ಕೆ ವಾಶ್ ಅನ್ನುತ್ತಾರೆ. ಈಗ ಕಣ್ಣು ಮುಗಿಸಿ. ಸ್ಕೆಚ್ಚಿನಲ್ಲಿ ಕಣ್ಣು ಕೊನೆಗೆ, ಬಣ್ಣದಲ್ಲಿ ಮೊದಲಿಗೆ, ಯಾಕೆಂದರೆ ಕಣ್ಣು ಕೆಟ್ಟರೆ ಉಳಿದದ್ದಕ್ಕೆ ದಿನಗಟ್ಟಲೆ ಸುರಿಯುವುದು ವ್ಯರ್ಥ. ಆಮೇಲೆ ತಿಳಿಯಿಂದ ಕಡುವಿಗೆ ಪದರದ ಮೇಲೆ ಪದರ. ಕೂದಲು ಒಂದೊಂದನ್ನೂ ಬರೆಯಬೇಡಿ. ಬೆಳಕು ನೆರಳಿಗೆ ತಿರುಗುವ ಜಾಗದಲ್ಲಿ ಮತ್ತು ಹೊರ ಅಂಚಿನಲ್ಲಿ ನಾಲ್ಕು ಕೂದಲು ತೋರಿಸಿದರೆ ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ.

ದಿನ ಹಂಚಿಕೊಳ್ಳುವುದು ಹೇಗೆ ಅಂತಲೂ ಕೇಳುತ್ತಾರೆ. ಬೆಳಗ್ಗೆ ಬಿಸಿಲು ಬಂದ ಮೇಲೆ ಹೊರಗೆ ಸ್ಕೆಚ್, ಹತ್ತರಿಂದ ಮೂರರ ತನಕ ಉತ್ತರದ ಕಿಟಕಿಯ ಬೆಳಕಿನಲ್ಲಿ ಬಣ್ಣ. ಸಂಜೆ ಫೋನು, ಬಿಲ್ಲು, ಪ್ಯಾಕಿಂಗು. ಟ್ಯೂಬ್‌ಲೈಟಿನಲ್ಲಿ ಬಣ್ಣ ಬೆರೆಸಬೇಡಿ, ಬೆಳಗ್ಗೆ ನೋಡಿದರೆ ಬೇರೆಯೇ ಇರುತ್ತದೆ.

ಹಂತ 7: ಮಳೆಗಾಲ

ಒಂದೇ ಜಿಲ್ಲೆಯಲ್ಲಿ ಕಡೂರಿನವರಿಗೆ ಈ ಹಂತವೇ ಬೇಡ, ಕೊಪ್ಪ, ಶೃಂಗೇರಿಯವರಿಗೆ ಇದೇ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಗದ ತೇವ ಹೀರುತ್ತಲೇ ಇರುತ್ತದೆ. ಕಾಗದಕ್ಕೆ ಕಾರ್ಖಾನೆಯಲ್ಲೇ ಜೆಲಟಿನ್‌ನಂಥ ಅಂಟಿನ ಲೇಪ ಕೊಟ್ಟಿರುತ್ತಾರೆ, ಸೈಜಿಂಗ್ ಅಂತ. ಬಣ್ಣ ಮೇಲೆ ನಿಲ್ಲುವುದು ಅದರಿಂದಲೇ. ತೇವಕ್ಕೆ ಅದು ಕೆಟ್ಟರೆ ಬಣ್ಣ ಹಾಕಿದಲ್ಲೇ ಹೀರಿ ಚುಕ್ಕೆಚುಕ್ಕೆಯಾಗುತ್ತದೆ, ಆ ಹಾಳೆಯನ್ನು ಮತ್ತೆ ಸರಿ ಮಾಡಲು ಬರುವುದಿಲ್ಲ. ಹಾಗಾಗಿ ಮಳೆಗೆ ಮುಂಚೆ ಒಂದು ವರ್ಷದ್ದು ತಂದು ತುಂಬಬೇಡಿ, ಬೇಕಾದಷ್ಟೇ ತನ್ನಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಪೊಟ್ಟಣವನ್ನು ಆಗಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಕೆಲಸ ಮಾಡುತ್ತದೆ.

ಒದ್ದೆ ಗಾಳಿಯಲ್ಲಿ ಒಂದು ಪದರ ಒಣಗಲು ಅರ್ಧ ದಿನ ಹಿಡಿಯುತ್ತದೆ. ಹೇರ್ ಡ್ರೈಯರ್ ಹಿಡಿಯಬಹುದು, ಆದರೆ ನೀರು ಹೊಳೆಯುತ್ತಿರುವಾಗ ಬೇಡ, ಗಾಳಿಗೆ ಬಣ್ಣ ಓಡುತ್ತದೆ. ಹೊಳಪು ಹೋದ ಮೇಲೆ ಹಿಡಿಯಿರಿ. ಎರಡು ಚಿತ್ರ ಒಟ್ಟಿಗೆ ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ನಡೆಯುತ್ತದೆ. ಕುಂಚಗಳನ್ನು ಲೋಟದಲ್ಲಿ ತಲೆ ಮೇಲಾಗಿ ನಿಲ್ಲಿಸಿ ಒಣಗಿಸಬೇಡಿ, ನೀರು ಬುಡಕ್ಕಿಳಿದು ಕೂದಲು ಉದುರುತ್ತದೆ, ಮಲಗಿಸಿ.

ಫ್ರೇಮು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದ ಹಾಗೆ ನಡುವೆ ಮೌಂಟ್ ಬೋರ್ಡು ಬೇಕೇ ಬೇಕು, ಅದೂ ಆಸಿಡ್ ಇಲ್ಲದ್ದು. ತಾಗಿದರೆ ಮಳೆಗಾಲದಲ್ಲಿ ಗಾಜಿನ ಒಳಗೆ ಬೆವರಿ ಬೂಸು ಹಿಡಿಯುತ್ತದೆ. ಹೊರಗೋಡೆಗೆ ನೇತುಹಾಕಬೇಡಿ ಅಂತ ಕೊಳ್ಳುವವರಿಗೂ ಹೇಳಿ.

ಹಂತ 8: ಮಾರಾಟ

ಇದರಲ್ಲಿ ಹೊಟ್ಟೆ ತುಂಬುತ್ತದಾ? ಬರೀ ಗೋಡೆಗೆ ಹಾಕುವ ಚಿತ್ರದಿಂದ ಶುರುವಿನಲ್ಲಿ ಇಲ್ಲ. ಹೋಂಸ್ಟೇ, ರೆಸಾರ್ಟಿನ ಗೋಡೆ, ಕಾಫಿ ಪೊಟ್ಟಣದ ಲೇಬಲ್, ಹಕ್ಕಿ ಗುರುತಿಸುವ ಫಲಕ, ಶಾಲೆಯ ಗೋಡೆ ಇವೆಲ್ಲ ಸೇರಿದರೆ ಆಗುತ್ತದೆ. ಅಕ್ಟೋಬರ್ 2ರಿಂದ 8ರ ವನ್ಯಜೀವಿ ಸಪ್ತಾಹದ ಹೊತ್ತಿಗೆ ಕೆಲಸ ಒಟ್ಟಿಗೆ ಬರುತ್ತದೆ, ಆಗಸ್ಟಿನಲ್ಲೇ ಕೇಳಿಕೊಂಡು ಹೋಗಿ. ಜನವರಿಯಲ್ಲಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಬೇಕು. ಅಲ್ಲಿಗೆ ದೊಡ್ಡ ಚಿತ್ರಗಳ ಜೊತೆ ಕೈಗೆಟಕುವ ಬೆಲೆಯ ಚಿಕ್ಕ ಹಕ್ಕಿಗಳನ್ನೂ ತೆಗೆದುಕೊಂಡು ಹೋಗಿ.

ಆರ್ಡರ್ ಬಂದರೆ ಮೊದಲು ಇದನ್ನು ಓದಿ. 1957ರ ಅದೇ ಕಾಯ್ದೆಯ 17ನೇ ಕಲಂ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ನಿಮ್ಮಿಂದ ಚಿತ್ರ ಬರೆಸಿದರೆ, ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ ಆ ಚಿತ್ರದ ಕಾಪಿರೈಟು ಬರೆಸಿದವರದು. ಚಿತ್ರ ಮಾತ್ರ ಅಲ್ಲ, ಅದನ್ನು ಟೀ ಶರ್ಟಿಗೆ, ಕ್ಯಾಲೆಂಡರಿಗೆ ಹಾಕುವ ಹಕ್ಕೂ. ಬಹಳ ಜನ ಚಿತ್ರಕಾರರಿಗೆ ಇದು ಗೊತ್ತೇ ಇಲ್ಲ. ಹಾಗಾಗಿ ಒಂದು ಹಾಳೆಯಲ್ಲಿ ಬರೆಯಿರಿ: ಅಳತೆ, ಬೆಲೆ, ದಿನ, ಎಷ್ಟು ಸಲ ತಿದ್ದುಪಡಿ, ಕಾಪಿರೈಟು ಚಿತ್ರಕಾರರಲ್ಲೇ ಉಳಿಯುತ್ತದೆ ಅನ್ನುವ ಒಂದು ಸಾಲು. ಇಬ್ಬರೂ ಸಹಿ ಹಾಕಿ. ಅರ್ಧ ದುಡ್ಡು ಮುಂಗಡ ಬಂದ ಮೇಲೆ ಕಾಗದ ಕತ್ತರಿಸಿ. "ದುಡ್ಡಿಲ್ಲ, ಹೆಸರು ಬರುತ್ತೆ" ಅನ್ನುವವರಿಗೆ ನಗುತ್ತಲೇ ಇಲ್ಲ ಅನ್ನಿ.

ಇಂಥದೇ ಪ್ರಾಣಿ ಅಂತ ಕೇಳಿದಾಗ ಜಾಸ್ತಿ ಎಚ್ಚರ ಬೇಕು. ಮೈಸೂರು ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಆನೆ ಅರ್ಜುನ 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಯಸಳೂರು ವಲಯದಲ್ಲಿ ಕಾಡಾನೆ ಜೊತೆಗಿನ ಕಾಳಗದಲ್ಲಿ ತೀರಿಕೊಂಡ. ಅರ್ಜುನನ ಚಿತ್ರ ಬೇಕು ಅಂತ ಕೇಳುವವರಿಗೆ ಯಾವುದೋ ದಂತದ ಆನೆ ಬರೆದುಕೊಟ್ಟರೆ ನಡೆಯುವುದಿಲ್ಲ. ನಮ್ಮ ಜನಕ್ಕೆ ಅವನ ದಂತದ ಬಾಗು, ಕಿವಿಯ ಅಂಚು, ಸೊಂಡಿಲ ಮೇಲಿನ ಗುಲಾಬಿ ಮಚ್ಚೆ ಎಲ್ಲ ಬಾಯಿಪಾಠ. ಅಂಥ ಆರ್ಡರಿಗೆ ಬೇರೆ ಬೇರೆ ಕೋನದ ಫೋಟೋಗಳನ್ನು ಕೇಳಿ ತರಿಸಿಕೊಂಡು, ಕರಡು ತೋರಿಸಿ ಒಪ್ಪಿಗೆ ಪಡೆದೇ ಬಣ್ಣಕ್ಕೆ ಹೋಗಿ.

ಚಿತ್ರ ಕೈಬಿಡುವ ಮೊದಲು ಒಳ್ಳೆಯ ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ, ಪ್ರಿಂಟ್ ಮಾರಲು ಅದು ಬೇಕು. ಸುರುಳಿ ಸುತ್ತಿ ಕಳಿಸಬೇಡಿ. ಬಟರ್ ಪೇಪರ್, ಎರಡು ಕಡೆ ಗಟ್ಟಿ ರಟ್ಟು, ಅದರ ಮೇಲೆ ಪ್ಲಾಸ್ಟಿಕ್, ಅಂಚಿಗೆಲ್ಲ ಟೇಪು. ಗಾಜಿನ ಫ್ರೇಮಿನ ಸಮೇತ ಕೊರಿಯರ್ ಮಾಡಲೇಬೇಡಿ, ಫ್ರೇಮು ಅವರ ಊರಲ್ಲೇ ಹಾಕಿಸಿಕೊಳ್ಳಲಿ. ಕಟ್ಟುವ ಮುಂಚೆ ಮತ್ತು ಕಟ್ಟಿದ ಮೇಲೆ ಒಂದೊಂದು ಫೋಟೋ ತೆಗೆದಿಡಿ. ಮಳೆಗಾಲದಲ್ಲಿ ಆಗುಂಬೆ ಘಾಟಿ, ಶಿರಾಡಿ ಘಾಟಿ ಯಾವಾಗ ಬಂದ್ ಆಗುತ್ತದೋ ಹೇಳಲು ಬರುವುದಿಲ್ಲ, ಕರಾವಳಿ ಕಡೆಗೆ ಕಳಿಸುವುದಿದ್ದರೆ ತಲುಪುವ ದಿನ ಇಂಥದೇ ಅಂತ ಮಾತು ಕೊಡಬೇಡಿ.